ಬೀಗದ ಮನೆಯ ಕಿಟಕಿ

ಪಕ್ಕದ ಮನೆ ಅಜ್ಜಿ ದೆವ್ವದ ಕಥೆಗೆ ಕೂತರೆ ನಮ್ಮ ಯಜಮಾನರಿಗೆ ಕೈಯಲ್ಲಿದ್ದ ಚಹಾ ಆರಿದ್ದೂ ಗೊತ್ತಾಗುತ್ತಿರಲಿಲ್ಲ. ಸಿಡ್ನಿಯ ಎಪ್ಪಿಂಗ್‌ನಲ್ಲಿ ನಮ್ಮದು ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು. ಕೊನೆಯದು ನಮ್ಮದು, ಅದರ ಪಕ್ಕದ್ದು ಅಜ್ಜಿಯದು. ನಮ್ಮ ಅಡುಗೆಮನೆಯ ಕಿಟಕಿಯ ಹೊರಗೆ ಒಂದು ನಿಂಬೆ ಗಿಡ, ಅದರ ಬುಡದಲ್ಲಿ ಒಂದು ಬೆಂಚು. ರೈಲ್ವೆ ಸಿಗ್ನಲ್ ಇಂಜಿನಿಯರ್ ಕೆಲಸದಿಂದ ರಿಟೈರ್ ಆದ ಮೇಲೆ ಯಜಮಾನರು ಮಧ್ಯಾಹ್ನ ಮೂರಕ್ಕೆ ಆ ಬೆಂಚಿಗೆ ಹಾಜರು. ಅಜ್ಜಿಯೂ ಹಾಜರು. ನಾನು ವೆಸ್ಟ್‌ಮೀಡ್‌ನಲ್ಲಿ ಆಸ್ಪತ್ರೆಯ ಲ್ಯಾಬಿನ ಬೆಳಗಿನ ಶಿಫ್ಟ್ ಮುಗಿಸಿ, ರಕ್ತದ ಸ್ಯಾಂಪಲ್ಲು ನೋಡಿ ನೋಡಿ ಕಣ್ಣು ಕೆಂಪಾಗಿ ಬಂದರೆ, ಇವರಿಬ್ಬರೂ ಸತ್ತವರ ಸುದ್ದಿ ಮಾತಾಡುತ್ತ ಕೂತಿರುತ್ತಿದ್ದರು. ಒಣಗಿದ ಬಟ್ಟೆ ತಂತಿಯ ಮೇಲೇ ಇರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಜ್ಜಿ ಹುಟ್ಟಿದ್ದು ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿ. ಹೊಸ ಮದುವಣಗಿತ್ತಿಯಾಗಿ ಹಡಗು ಹತ್ತಿ ಸಿಡ್ನಿಗೆ ಬಂದವರು, ಮತ್ತೆ ಊರಿನ ಕಡೆ ಹೋಗಿಯೇ ಇಲ್ಲ. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿದೆ. ಮೊದಮೊದಲು ಅವರ ಇಂಗ್ಲಿಷ್ ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ನನ್ನ ಹುಬ್ಬಳ್ಳಿ ಇಂಗ್ಲಿಷ್ ಅವರಿಗೂ ತಿಳಿಯುತ್ತಿರಲಿಲ್ಲ. ಯಜಮಾನರಿಗೂ ಅವರಿಗೂ ಮಾತ್ರ ಅದೇನು ಹೊಂದಿಕೊಂಡಿತೋ ದೇವರೇ ಬಲ್ಲ. ಅರವತ್ತರ ಹತ್ತಿರ ಬಂದ ನನ್ನನ್ನು ಇವತ್ತಿಗೂ ‘ಲ್ಯಾಸ್’, ಅಂದರೆ ಹುಡುಗಿ, ಎಂದು ಕರೆಯುವವರು ಈ ಭೂಮಿಯ ಮೇಲೆ ಅವರೊಬ್ಬರೇ.

ಅವರ ಕಥೆಗಳಲ್ಲಿ ಯಜಮಾನರು ಪದೇ ಪದೇ ಹೇಳಿಸಿಕೊಳ್ಳುತ್ತಿದ್ದದ್ದು ಒಂದೇ ಜಾಗದ್ದು. ಅಜ್ಜಿಯ ಊರಿನ ಹತ್ತಿರ ಸ್ಯಾಂಡ್‌ವುಡ್ ಎಂಬ ಕಡಲತೀರವಿದೆಯಂತೆ. ರಸ್ತೆ ಇಲ್ಲ, ಜೌಗು ನೆಲದ ಮೇಲೆ ನಡೆದೇ ಹೋಗಬೇಕು. ಮರಳಿನ ದಿಬ್ಬಗಳ ಹಿಂದೆ ಹಾಳುಬಿದ್ದ ಒಂದು ಕಲ್ಲಿನ ಮನೆ. ಯಾವ ಕಾಲದಲ್ಲೋ ಹಡಗು ಒಡೆದು ಸತ್ತ ನಾವಿಕನೊಬ್ಬ, ಗಡ್ಡದವನು, ಹಿತ್ತಾಳೆ ಗುಂಡಿಯ ಕೋಟು ತೊಟ್ಟವನು, ಗಾಳಿ ಮಳೆಯ ದಿನ ಬಂದು ಆ ಮನೆಯ ಕಿಟಕಿ ತಟ್ಟುತ್ತಾನಂತೆ. ಒಳಗಿದ್ದವರು ಯಾರೂ ತೆಗೆಯುವುದಿಲ್ಲವಂತೆ. ಅಜ್ಜಿ ಸಣ್ಣವರಿದ್ದಾಗ ತಪ್ಪಿಸಿಕೊಂಡ ಕುರಿ ಹುಡುಕಲು ಅಪ್ಪನ ಜೊತೆ ಹೋಗಿ, ಮಳೆ ಬಂತೆಂದು ಅಲ್ಲಿ ಹೊಕ್ಕಿದ್ದರು. ಅರ್ಧ ಛಾವಣಿ ಇನ್ನೂ ಇತ್ತು. ಕಿಟಕಿಗೆ ಹೊಡೆದಿದ್ದ ಹಲಗೆಯ ಮೇಲೆ ಟಕ್ ಟಕ್ ಎಂದು ಸದ್ದಾಯಿತು. ಅಪ್ಪ ಮಗಳ ಬಾಯಿ ಮುಚ್ಚಿ ಹಿಡಿದು ಕೂತುಬಿಟ್ಟರು.

“ಅವನು ಏನೂ ಕೇಳಲಿಲ್ಲ,” ಎನ್ನುತ್ತಿದ್ದರು ಅಜ್ಜಿ. “ತಟ್ಟಿದ, ಸ್ವಲ್ಪ ಹೊತ್ತು ಕಾದ, ಹೋದ. ನಾವು ಒಳಗೆ ಉಸಿರು ಬಿಗಿಹಿಡಿದು ಕೂತಿದ್ದೆವು. ಪಾಪ, ನಾವು ಒಂದು ಮಾತಾಡಬಹುದಿತ್ತು.”

ಅದೇ ಮನೆಗೆ ಇನ್ನೊಂದು ದೆವ್ವವೂ ಇತ್ತು, ಅದು ಆಸ್ಟ್ರೇಲಿಯಾದವನದು. ಬದುಕಿದ್ದಾಗ ಮತ್ತೆ ಮತ್ತೆ ಅಷ್ಟು ದೂರ ಹೋಗಿ ಆ ತೀರದಲ್ಲಿ ಇದ್ದು ಬರುತ್ತಿದ್ದನಂತೆ, ಅಷ್ಟು ಮನಸ್ಸಿಗೆ ಹಿಡಿದಿತ್ತು. ಇಲ್ಲಿ ಸತ್ತ. ಆಮೇಲೆ ಅಲ್ಲಿ ತಂಗಿದವರಿಗೆ ಹಾಳುಮನೆಯೊಳಗೆ ಹೆಜ್ಜೆ ಸಪ್ಪಳ ಕೇಳಲು ಶುರುವಾಯಿತು. ಇದನ್ನು ಮೊದಲ ಸಲ ಕೇಳಿದ ದಿನ ಯಜಮಾನರು ಒಳಗೆ ಬಂದು ನನ್ನ ತಲೆ ತಿಂದುಬಿಟ್ಟರು.

“ಅಲ್ಲಾ, ಸತ್ತದ್ದು ಆಸ್ಟ್ರೇಲಿಯಾದಾಗ. ದೆವ್ವ ಆದದ್ದು ಸ್ಕಾಟ್ಲೆಂಡ್‌ದಾಗ. ನಡುವ ಯಾವ ಫ್ಲೈಟ್ ಹಿಡದಾ ಅಂವಾ?”

“ನಿಮಗ್ಯಾಕ್ರೀ ಅದರ ಉಸಾಬರಿ? ಮೊದಲ ಆ ಬಟ್ಟಿ ತಗೊಂಡು ಬರ್ರಿ.”

“ಅಜ್ಜಿ ಹೇಳತಾರ, ಜೀವ ಇಟ್ಟ ಮನಿಗೆ ಹಾದಿ ಕೇಳಬೇಕಾಗಿಲ್ಲಂತ. ನಾನೂ ಅಷ್ಟ ನೋಡು. ಸತ್ತರ ಹುಬ್ಬಳ್ಳಿಗೆ ಹೋಗಾಂವಲ್ಲ. ಇದ ಮನಿಗೆ ಬರಾಂವಾ.”

“ಬರ್ರಿ, ಬರ್ರಿ. ಕಾಲ ತೊಳಕೊಂಡು ಬರ್ರಿ. ಮೊನ್ನೆ ಕಾರ್ಪೆಟ್ ಕ್ಲೀನ್ ಮಾಡ್ಸೇನಿ.”

ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಈ ಮನೆಯ ಮೇಲೆ ಅವರಿಗೆ ನಿಜವಾಗಿಯೂ ಜೀವವಿತ್ತು. ಊರಿಂದ ಊರಿಗೆ, ಸಬರ್ಬಿನಿಂದ ಸಬರ್ಬಿಗೆ ಬಾಡಿಗೆ ಮನೆಗಳನ್ನು ಬದಲಾಯಿಸಿ ಸಾಕಾಗಿ, ತಲೆಗೂದಲು ಬೆಳ್ಳಗಾದ ಮೇಲೆ ಸಿಕ್ಕ ಸ್ವಂತ ಸೂರು ಅದು. ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಿಲ್ಲ ಎಂಬ ಖುಷಿಗೆ ಮೊದಲ ವಾರ ಸುಮ್ಮಸುಮ್ಮನೆ ಮೊಳೆ ಹೊಡೆದರು. ಅವುಗಳಲ್ಲಿ ಎಷ್ಟೋ ಮೊಳೆಗಳಿಗೆ ತೂಗುಹಾಕಲು ನಮ್ಮಲ್ಲಿ ಏನೂ ಇರಲಿಲ್ಲ.

ಅವರು ಹೋದದ್ದು ಒಂದು ಶನಿವಾರ. ಮಳೆ ಬಂದು ಬೆಂಚು ಒದ್ದೆಯಾಗಿತ್ತು. “ಇವತ್ತ ಚಾ ಇಲ್ಲೇ ಕೊಡು,” ಎಂದು ಕುರ್ಚಿ ಎಳೆದುಕೊಂಡು ಅಡುಗೆಮನೆಯ ಕಿಟಕಿಯ ಹತ್ತಿರ ಕೂತರು. ನಾನು ಒಲೆಯ ಕಡೆ ಮುಖ ಮಾಡಿ ಶುಂಠಿ ಜಜ್ಜುತ್ತಿದ್ದೆ. ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದೆ. ಉತ್ತರ ಬರಲಿಲ್ಲ. ಡಾಕ್ಟರು ಸಕ್ಕರೆ ಬಿಡಲು ಹೇಳಿದ್ದಕ್ಕೆ ಆ ವಾರವೆಲ್ಲ ಮುನಿಸಿಕೊಂಡಿದ್ದರು, ಅದೇ ಸಿಟ್ಟು ಅಂದುಕೊಂಡು ಅರ್ಧ ಚಮಚ ಹಾಕಿದೆ. ಲೋಟ ಹಿಡಿದು ತಿರುಗಿದಾಗ ಅವರು ನಿಂಬೆ ಗಿಡದ ಕಡೆಗೇ ನೋಡುತ್ತಿದ್ದರು. ಕೈ ಮುಟ್ಟಿದ ಕೂಡಲೇ ನನಗೆ ಗೊತ್ತಾಯಿತು. ಆಸ್ಪತ್ರೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದಕ್ಕೆ ಅದೊಂದು ಶಿಕ್ಷೆ, ಗೊತ್ತಾಗಿಬಿಡುತ್ತದೆ. ಆಂಬುಲೆನ್ಸಿನವರು ಬಂದು ಮಾಡುವುದನ್ನೆಲ್ಲ ಮಾಡಿದರು. ಅಜ್ಜಿ ಛತ್ರಿಯಿಲ್ಲದೆ ಮಳೆಯಲ್ಲೇ ಓಡಿ ಬಂದು, ಏನು ಮಾಡಬೇಕೆಂದು ತೋಚದೆ, ಯಜಮಾನರ ಚಪ್ಪಲಿಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದರು.

ಮೆಲ್ಬರ್ನ್‌ನಿಂದ ಮಗಳು ಅಳಿಯ ಬಂದರು. ನಮಗೆ ಒಬ್ಬಳೇ ಮಗಳು, ಆಗ ನಾಲ್ಕು ತಿಂಗಳ ಬಸುರಿ. ಅಳಿಯನೇ ಎಲ್ಲ ಕರ್ಮ ಮಾಡಿದ. ಹುಬ್ಬಳ್ಳಿಯಿಂದ ಯಜಮಾನರ ಅಣ್ಣ ಫೋನು ಮಾಡಿ, ಎಷ್ಟು ಹೊತ್ತಿಗೆ ಹೋದದ್ದು ಎಂದು ಕೇಳಿದಾಗ ಅಳಿಯ ‘ಮಧ್ಯಾಹ್ನ ಮೂರು’ ಎಂದ. ಮರುದಿನ ಸಂಜೆ ಭಾವನವರು ಮತ್ತೆ ಫೋನು ಮಾಡಿ ನನ್ನನ್ನು ಕರೆದರು.

“ನೋಡವಾ, ಆಚಾರ್ರು ಪಂಚಾಂಗ ನೋಡ್ಯಾರ. ನಕ್ಷತ್ರ ಛೊಲೋ ಇಲ್ಲ, ಧನಿಷ್ಠಾ ಅದ. ಆರು ತಿಂಗಳು ಮನಿ ಬಿಡಬೇಕಾಗ್ತದ.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಆ ಮನೆಗೆ ಬೀಗ ಹಾಕುತ್ತಾರೆ. ದೀಪ ಹಚ್ಚುವುದಿಲ್ಲ, ಒಳಗೆ ಯಾರೂ ಕಾಲಿಡುವುದಿಲ್ಲ. ಹೋದವರು ಮನೆಯ ಆಸೆ ಬಿಟ್ಟು ಮುಂದಕ್ಕೆ ಹೋಗಲಿ, ಇದ್ದವರಿಗೆ ಕೇಡು ತಟ್ಟದಿರಲಿ ಎಂದು. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯಲ್ಲೇ ಹಾಗೆ ಬೀಗ ಹಾಕಿದ ಮನೆಗಳ ಮುಂದೆ ನಾವು ಹುಡುಗಿಯರು ಕಣ್ಣು ಮುಚ್ಚಿಕೊಂಡು ಓಡುತ್ತಿದ್ದೆವು. ಆದರೆ ಅದು ಬೇರೆಯವರ ಮನೆ. ಇದು ನನ್ನದು.

“ಭಾವನವರ, ಅವರಿಗೆ ಈ ಮನಿ ಅಂದ್ರ ಜೀವ ಇತ್ರಿ. ಬೀಗ ಹಾಕಿ ಹೆಂಗ ಹೋಗ್ಲಿ?”

“ಅದಕ್ಕ ಹಾಕಬೇಕವಾ. ಜೀವ ಅಲ್ಲೇ ಸುತ್ತತಿರ್ತದ. ನನಗರ ಖುಷಿ ಆಗ್ತದೇನು ಹೇಳಲಿಕ್ಕೆ? ಹೋದಾಂವ ನನ್ನ ತಮ್ಮ. ಆದ್ರ ಮಗಳು ಎರಡು ಜೀವದಾಕಿ ಇದ್ದಾಳ. ನಾಳೆ ಏನರ ಹೆಚ್ಚು ಕಡಿಮಿ ಆದ್ರ ಏನ ಮಾಡ್ತಿ?”

ಮಗಳು ಪಕ್ಕದಲ್ಲೇ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ನಂಬಿಕೆ ಇದೆಯೋ ಇಲ್ಲವೋ ಎನ್ನುವುದು ಅಂಥ ಹೊತ್ತಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಹದಿಮೂರನೆಯ ದಿನದ ಕಾರ್ಯ ಮುಗಿಸಿದೆವು. ಇಷ್ಟು ವರ್ಷ ದುಡಿದು ಕೂಡಿಟ್ಟಿದ್ದ ಲಾಂಗ್ ಸರ್ವಿಸ್ ಲೀವ್ ಲ್ಯಾಬಿಗೆ ಬರೆದುಕೊಟ್ಟೆ. ಪರದೆ ಎಳೆದು, ಗ್ಯಾಸು ನಲ್ಲಿ ಎಲ್ಲ ನೋಡಿ ಬೀಗ ಹಾಕಿದೆ. ಅಜ್ಜಿಯ ಹತ್ತಿರ ನಮ್ಮ ಮನೆಯ ಇನ್ನೊಂದು ಬೀಗದ ಕೈ ಇತ್ತು. ನಮ್ಮ ಸಂಪ್ರದಾಯ ಹೀಗೆ, ದಯವಿಟ್ಟು ಒಳಗೆ ಮಾತ್ರ ಹೋಗಬೇಡಿ ಎಂದು ಅವರಿಗೆ ಹೇಳಿದೆ. ಅಜ್ಜಿ ಏನೂ ವಾದ ಮಾಡಲಿಲ್ಲ. “ಅವನು ಬಂದರೆ?” ಎಂದು ಮಾತ್ರ ಕೇಳಿದರು. ನಾನು ಕಾರಿನಲ್ಲಿ ಹೋಗಿ ಕೂತೆ.

ಮೆಲ್ಬರ್ನ್‌ನಲ್ಲಿ ಮಗಳ ಮನೆ ಡ್ಯಾಂಡಿನಾಂಗ್‌ನಲ್ಲಿ. ಕೊರತೆ ಎನ್ನುವ ಹಾಗೆ ಏನೂ ಇರಲಿಲ್ಲ. ಜೋಳದ ಹಿಟ್ಟು ಸಿಗುತ್ತಿತ್ತು, ಎಳೆ ಮೆಂತ್ಯ ಸಿಗುತ್ತಿತ್ತು, ಮಾರ್ಕೆಟ್ಟಿನಲ್ಲಿ ಹಿಂದಿಯಲ್ಲಿ ಚೌಕಾಸಿ ಮಾಡುವ ಸುಖವೂ ಇತ್ತು. ಮಗಳು ಕೆಲಸಕ್ಕೆ, ಅಳಿಯ ಕೆಲಸಕ್ಕೆ. ನಾನು ರೊಟ್ಟಿ ಬಡಿಯುತ್ತ ಎಪ್ಪಿಂಗ್ ಮನೆಯೊಳಗೆ ಓಡಾಡುತ್ತಿದ್ದೆ. ಮನಸ್ಸಿನಲ್ಲೇ ಬಾಗಿಲು ತೆಗೆದು, ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ. ಎಲ್ಲ ಕೋಣೆಯಲ್ಲೂ ಹುಡುಕಿ ಬರುತ್ತಿದ್ದೆ. ಮೊದಲ ತಿಂಗಳು ಅವರು ಇಲ್ಲ ಎಂಬ ದುಃಖವಷ್ಟೇ ಇತ್ತು. ಆಮೇಲೆ ಇನ್ನೊಂದು ಸೇರಿಕೊಂಡಿತು, ಅವರು ಬಂದಿದ್ದರೆ ಎಂಬುದು. ಬಂದು, ಬಾಗಿಲು ತಟ್ಟಿ, ನನ್ನನ್ನು ಕರೆದು, ಇವಳೆಲ್ಲಿ ಹಾಳಾಗಿ ಹೋದಳು ಎಂದು ಆ ಒದ್ದೆ ಬೆಂಚಿನ ಮೇಲೆ ಕೂತಿದ್ದರೆ?

ನಗಬೇಡಿ. ನಾನು ಸೈನ್ಸ್ ಓದಿದವಳು. ಬದುಕಿಡೀ ದೆವ್ವ ಗಿವ್ವ ಎಂದವರನ್ನು ಗದರಿಸಿದವಳು. ಆದರೆ ಮೂವತ್ತು ವರ್ಷ ಮೇಲಿಂದ ಮೇಲೆ ‘ಎಲ್ಲಿದ್ದೀ, ನನ್ನ ಕನ್ನಡಕ ಎಲ್ಲಿ, ಎಲ್ಲಿದ್ದೀ’ ಎಂದು ಕೇಳಿಸಿಕೊಂಡ ಕಿವಿಗೆ ಒಮ್ಮೆಲೇ ಏನೂ ಕೇಳಿಸದಿದ್ದರೆ ಓದಿದ ಸೈನ್ಸ್ ಯಾವ ಮೂಲೆಗೆ? ಕನಸಿನಲ್ಲಾದರೂ ಬರುತ್ತಾರೇನೋ ಎಂದು ಕಾದೆ. ಬರಲಿಲ್ಲ. ಮೆಲ್ಬರ್ನ್ ಅಂದರೆ ಅವರಿಗೆ ಮೊದಲಿಂದಲೂ ಆಗುತ್ತಿರಲಿಲ್ಲ. ‘ಮುಂಜಾನಿಂದ ಸಂಜೀತನಾ ಸ್ವೆಟರ್ ಹಾಕೂದು ತಗಿಯೂದು, ಇದೊಂದು ಊರೇನು?’ ಎನ್ನುತ್ತಿದ್ದರು. ಇಲ್ಲಿಗೆ ಯಾಕೆ ಬರುತ್ತಾರೆ?

ಒಂದು ದಿನ ತಡೆಯಲಾರದೆ ಬಸ್ಸು ಹಿಡಿದು ಮಾರ್ಡಿಯಾಲಕ್ ಬೀಚಿಗೆ ಹೋದೆ. ಕೊಲ್ಲಿಯ ನೀರು ನಮ್ಮ ಉಣಕಲ್ ಕೆರೆಯ ಹಾಗೆ ಸುಮ್ಮನೆ ಬಿದ್ದಿತ್ತು. ತಾಯಂದಿರು ಮಕ್ಕಳಿಗೆ ಟೋಪಿ ಹಾಕುತ್ತಿದ್ದರು. ಅಲ್ಲಿ ಕೂತಾಗ ಅಜ್ಜಿಯ ಆ ಗಡ್ಡದ ನಾವಿಕ ನೆನಪಾದ. ಅಷ್ಟು ಸಲ ಕೇಳಿದ್ದರೂ ಆ ಕಥೆಯನ್ನು ನಾನು ಒಳಗೆ ಕೂತು ಹೆದರಿದವರ ಜೊತೆಯಲ್ಲೇ ಕೂತು ಕೇಳಿದ್ದೆ. ಹೊರಗೆ ನಿಂತು ತಟ್ಟಿದವನಿಗೆ ಹೇಗಾಗಿರಬೇಕು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಮನೆ ಇದೆ, ಒಳಗೆ ಜನ ಇದ್ದಾರೆ, ತೆಗೆಯುವುದಿಲ್ಲ. ನನ್ನವರಿಗೆ ಒಳಗೆ ಜನವೂ ಇಲ್ಲ. ಆ ಬೀಚಿನಲ್ಲಿ ಕೂತು, ಸುತ್ತ ಮುತ್ತ ಯಾರಿದ್ದಾರೆ ಎಂದೂ ನೋಡದೆ, ಗಟ್ಟಿಯಾಗಿ ಅತ್ತೆ. ದೆವ್ವವಾಗಿಯಾದರೂ ಸರಿ, ಒಂದು ಸಲ ಬನ್ನಿ ಎಂದು ಬೇಡಿಕೊಂಡೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು, ಆರ್ ಯು ಓಕೆ ಎಂದು ಕೇಳಿ, ಟಿಶ್ಯೂ ಕೊಟ್ಟು ಹೋದಳು.

ಮೊಮ್ಮಗಳು ಹುಟ್ಟಿದಳು. ಅಜ್ಜ ಹೋಗಿ ಐದು ತಿಂಗಳಾಗಿತ್ತು. ಮನೆಯಲ್ಲಿ ಎಣ್ಣೆ ನೀರು, ಬಾಣಂತಿಯ ಖಾರ, ಸಾಂಬ್ರಾಣಿ ಹೊಗೆ. ಸ್ಮೋಕ್ ಅಲಾರಾಂ ಹೊಡೆದುಕೊಂಡು ಪಕ್ಕದ ಮನೆಯವರು ಓಡಿ ಬಂದದ್ದೂ ಆಯಿತು. ನಾನು ಅಜ್ಜಿಗೆ ಫೋನು ಮಾಡಿ ಹೆಣ್ಣು ಮಗು ಎಂದು ಹೇಳಿದೆ, ಅಲ್ಲಿ ಅವರೂ ಅತ್ತರು. ಹುಬ್ಬಳ್ಳಿಯಲ್ಲಿ ಭಾವನವರು ಜಾತಕ ಬರೆಸಲು ಅದೇ ಆಚಾರ್ಯರನ್ನು ಮನೆಗೆ ಕರೆಸಿ, ವಿಡಿಯೋ ಕಾಲ್ ಹಚ್ಚಿದರು. ಅಳಿಯ ಮಗು ಹುಟ್ಟಿದ ಹೊತ್ತು ಹೇಳಿದ. ಆಚಾರ್ಯರು ಕನ್ನಡಕ ಏರಿಸಿದರು.

“ಇದು ನಿಮ್ಮ ಅಲ್ಲಿನ ಗಡಿಯಾರದ್ದೋ, ನಮ್ಮ ಇಲ್ಲಿಂದೋ?”

“ಇಲ್ಲಿಂದೇ,” ಎಂದ ಅಳಿಯ.

“ಹಂಗಾರ ಕಳೀಬೇಕಾಗ್ತದ. ನಾವು ನೋಡೂ ಪಂಚಾಂಗ ಇಲ್ಲಿನ ಹೊತ್ತಿಂದು.”

ನಾನು ಅಡುಗೆಮನೆಯಲ್ಲಿ ಅಂಟಿನುಂಡೆಯ ಪಾಕ ನೋಡುತ್ತಿದ್ದೆ. ಸೌಟು ಕೈಯಲ್ಲೇ ನಿಂತಿತು. ಹಾಗೇ ಬಂದು ಫೋನಿನ ಮುಂದೆ ನಿಂತೆ.

“ಆಚಾರ್ರ, ಅವತ್ತ ಇವರು ಹೋದಾಗ ಇದನ್ನ ಕೇಳಿದ್ರೇನ್ರಿ? ಮೂರು ಗಂಟೆ ಅಂತ ಹೇಳಿದ್ದು ನಮ್ಮ ಸಿಡ್ನಿ ಮೂರು. ನಿಮಗ ಅಲ್ಲಿ ಆಗಿನ್ನೂ ನಾಷ್ಟಾದ ಹೊತ್ತು.”

ಆಚಾರ್ಯರು ಭಾವನವರ ಮುಖ ನೋಡಿದರು, ಭಾವನವರು ಆಚಾರ್ಯರ ಮುಖ ನೋಡಿದರು. ಹಳೆಯ ಪಂಚಾಂಗ ತರಿಸಿದರು. ಪುಟ ತಿರುವುವುದನ್ನು ನಾವೆಲ್ಲ ಇಲ್ಲಿಂದ ನೋಡುತ್ತಲೇ ಇದ್ದೆವು. ಅವರು ಬೆರಳಿಟ್ಟು ಓದಿ, ಕನ್ನಡಕ ತೆಗೆದು ಕೆಳಗಿಟ್ಟರು.

“ತಾಯಿ, ಧನಿಷ್ಠಾ ಹತ್ತಿದ್ದು ನಮ್ಮ ಮಧ್ಯಾಹ್ನದ ಮ್ಯಾಲೆ. ಮುಂಜಾನೆ ಇನ್ನೂ ಶ್ರವಣಾ ಇತ್ತು.”

“ಅಂದ್ರ?”

“ದೋಷ ಇದ್ದಿದ್ದಿಲ್ಲ. ಮನಿ ಬಿಡೂ ಕಾರಣ ಇದ್ದಿದ್ದಿಲ್ಲ.”

“ಬೆಂಕಿ ಹಚ್ಚಲಿ ನಿಮ್ಮ ಪಂಚಾಂಗಕ್ಕ!” ಎಂದೆ. ಸೌಟಿನಲ್ಲಿದ್ದ ಬೆಲ್ಲದ ಪಾಕ ಕಾರ್ಪೆಟ್ಟಿನ ಮೇಲೆ ಸುರಿಯುತ್ತಿತ್ತು. “ನನ್ನ ಮನಿ ಮುಚ್ಚಿಸಿದ್ರಲ್ರೀ. ಅವರು ಬಂದಿದ್ರ ಯಾರ ತಗದಾರು ಬಾಗ್ಲಾ? ಯಾರ?” ಭಾವನವರು ಎಂಬತ್ತರ ಮುದುಕರು, ಟವೆಲ್ಲಿನಿಂದ ಕಣ್ಣು ಒತ್ತಿಕೊಂಡರು. ನಾನು ಫೋನು ಕಟ್ ಮಾಡಿದೆ. ಮಲಗಿದ್ದ ಬಾಣಂತಿ ಎದ್ದು ಬಂದು ನನ್ನನ್ನು ಅಪ್ಪಿಕೊಂಡಳು.

“ಅಮ್ಮಾ, ನೀನು ಹೋಗಿ ಬಾ. ಹೆಸರಿಡೋದು ಮುಗಿದ ತಕ್ಷಣ ಟಿಕೆಟ್ ಬುಕ್ ಮಾಡ್ತೀನಿ. ಇವ್ರು ಲೀವ್ ಹಾಕ್ತಾರೆ, ವಿ ವಿಲ್ ಮ್ಯಾನೇಜ್. ನೀನು ಇಲ್ಲಿದ್ದೂ ಇಲ್ಲಿಲ್ಲ.”

ನಾಮಕರಣವಾದ ಮರುದಿನವೇ ಸಿಡ್ನಿಯ ವಿಮಾನ ಹತ್ತಿದೆ. ಅಜ್ಜಿಗೆ ಫೋನಿನಲ್ಲಿ ಮಗುವಿನ ಹೆಸರು ಹೇಳಿದ್ದೆ, ಬರುವುದನ್ನು ಮಾತ್ರ ತಿಳಿಸಲಿಲ್ಲ. ಯಾರಾದರೂ ಬಂದು ಸಮಾಧಾನ ಹೇಳಿದರೆ ಅವರ ತಲೆ ಒಡೆಯುವಷ್ಟು ಸಿಟ್ಟು ಇನ್ನೂ ನನ್ನಲ್ಲಿತ್ತು. ಎಪ್ಪಿಂಗ್ ಸ್ಟೇಷನ್ನಿನಿಂದ ಸೂಟ್‌ಕೇಸು ಎಳೆದುಕೊಂಡು ನಡೆದು, ಬಾಗಿಲು ತೆಗೆದೆ. ಮುಗ್ಗಲು ವಾಸನೆ. ಗೋಡೆಯ ಮೇಲೆ ಅವರ ಬರಿ ಮೊಳೆಗಳು. ಅಡುಗೆಮನೆಯ ಪರದೆ ನಾನು ಎಳೆದ ಹಾಗೇ ಇತ್ತು, ಅದರ ಮುಂದೆ ಅವರ ಕುರ್ಚಿ. ಚಪ್ಪಲಿ ಬಿಟ್ಟು ಒಳಗೆ ಬಂದವಳು ಕೋಣೆ ಕೋಣೆಗೂ ಹೋಗಿ, “ಬಂದೇನ್ರಿ, ನಾ ಬಂದೇನಿ,” ಎಂದೆ. ನನ್ನ ಧ್ವನಿ ನನಗೇ ಪರಕೀಯವಾಗಿ ಕೇಳಿಸಿತು. ಬೇರೆ ಏನೂ ಇಲ್ಲ. ಏನಾದರೂ ಇರಬೇಕಾಗಿತ್ತು ಎಂದು ನಾನು ಎಷ್ಟು ನಂಬಿದ್ದೆ ಎಂಬುದು ಆಗಲೇ ಗೊತ್ತಾದದ್ದು. ದೀಪ ಹಚ್ಚಿದೆ. ಹಾಲಿಲ್ಲದ ಚಹಾ ಮಾಡಿಕೊಂಡು ಅವರ ಕುರ್ಚಿಯ ಎದುರು ನೆಲದ ಮೇಲೆ ಕೂತೆ. ಮುಗಿಯಿತು, ಬಂದು ನೋಡಿ ಹೋಗಿಬಿಟ್ಟಿದ್ದಾರೆ, ಇನ್ನು ಬರುವುದಿಲ್ಲ ಅನ್ನಿಸಿತು.

ಟಕ್ ಟಕ್.

ಕಿಟಕಿಯ ಗಾಜು. ಪರದೆಯ ಹಿಂದೆ, ಕುರ್ಚಿಯ ಹತ್ತಿರ. ಮತ್ತೆ, ಟಕ್ ಟಕ್.

ಹೆದರಿಕೆ ಆಯಿತೇ ಎಂದು ಆಮೇಲೆ ಮಗಳು ಕೇಳಿದಳು. ಎಳ್ಳಷ್ಟೂ ಇಲ್ಲ. ಮೊದಲು ತಲೆಗೆ ಬಂದದ್ದು, ಅಯ್ಯ, ತಲೆ ಸಹ ಬಾಚಿಕೊಂಡಿಲ್ಲವಲ್ಲ ಎಂದು. ಎದ್ದೆ, ಕೈಯಿಂದಲೇ ಕೂದಲು ಸರಿಮಾಡಿಕೊಂಡೆ, ಸೆರಗು ಎಳೆದುಕೊಂಡೆ. ಪರದೆ ಹಿಡಿದು ಒಂದೇ ಸಲಕ್ಕೆ ಎಳೆದೆ.

ಗಾಜಿನ ಆಚೆ ಅಜ್ಜಿ ಕಿಟಾರನೆ ಕಿರುಚಿದರು. ನಾನೂ ಕಿರುಚಿದೆ. ಅವರ ಕೈಯಲ್ಲಿದ್ದ ಚಹಾದ ಮಗ್ ಜಾರಿ ನಿಂಬೆ ಗಿಡದ ಬುಡಕ್ಕೆ ಬಿತ್ತು. ಹಾಗೇ ಹಿಂದಕ್ಕೆ ಸರಿದು ಬೆಂಚಿನ ಮೇಲೆ ಕುಸಿದು ಕೂತರು. ನಾನು ಬರಿಗಾಲಲ್ಲೇ ಹೊರಗೆ ಓಡಿದೆ.

“ಯಾರೂ ತೆಗೆಯುವುದಿಲ್ಲ ಎಂದುಕೊಂಡೇ ತಟ್ಟಿದೆ ಕಣೇ ಲ್ಯಾಸ್,” ಎಂದರು, ಉಸಿರು ಸಿಕ್ಕ ಮೇಲೆ. “ನನ್ನ ಜೀವವೇ ಹೋಗಿತ್ತು.”

“ನನ್ನದು ಹೋಗಲಿಲ್ಲವೇ? ಬೀಗ ಹಾಕಿದ ಮನೆಯ ಕಿಟಕಿ ಯಾಕೆ ತಟ್ಟುತ್ತೀರಿ?”

“ಒಳಗೆ ಹೋಗಬೇಡ ಎಂದಿದ್ದೆ ನೀನು, ಹೋಗಲಿಲ್ಲ. ತಟ್ಟಬೇಡ ಎಂದಿರಲಿಲ್ಲ.” ಅವರು ಒದ್ದೆಯಾದ ಸ್ಕರ್ಟನ್ನು ಜಾಡಿಸಿಕೊಂಡರು. “ಅವನು ಒಳಗೆ ಒಬ್ಬನೇ ಇದ್ದರೆ ಎಂದು ನನಗೆ ಮನಸ್ಸು ತಡೆಯಲಿಲ್ಲ. ಅವತ್ತು ಆ ಹಾಳುಮನೆಯಲ್ಲಿ ನನ್ನಪ್ಪ ನನ್ನ ಬಾಯಿ ಮುಚ್ಚಿದ್ದರು. ಈಗ ಮುಚ್ಚುವವರು ಯಾರಿದ್ದಾರೆ? ಚಹಾದ ಹೊತ್ತಿಗೆ ಬಂದು ಕಿಟಕಿ ತಟ್ಟಿ, ನಾನು ಬಂದಿದ್ದೇನಪ್ಪ ಎಂದು ಹೇಳಿ, ಇಲ್ಲಿ ಕೂತು ಕುಡಿದು ಹೋಗುತ್ತೇನೆ. ನೀನು ಹೋದಾಗಿನಿಂದ.”

“ಏನಾದರೂ... ಕೇಳಿಸಿತೇ?”

ಅಜ್ಜಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಇಲ್ಲಮ್ಮ. ಒಂದು ದಿನವೂ ಇಲ್ಲ. ಮಾತೆಲ್ಲ ನಾನೇ ಆಡಿದೆ.”

ಬೆಂಚಿನ ಮೇಲೆ ಅವರ ಪಕ್ಕ ಕೂತೆ. ಕೃತಜ್ಞತೆ ಉಕ್ಕಿ ಬರಬೇಕಿತ್ತು. ಉಕ್ಕಿ ಬಂದದ್ದು ಹೊಟ್ಟೆಕಿಚ್ಚು. ಐದು ತಿಂಗಳು ನನ್ನ ಗಂಡನ ಜೊತೆ ಇವರು ಮಾತಾಡಿದ್ದಾರೆ, ನಾನು ಅಲ್ಲಿ ಕೂತು ರೊಟ್ಟಿ ಬಡಿದಿದ್ದೇನೆ! ಏನೇನು ಹೇಳಿದಿರಿ ಎಂದು ಕೇಳಿದೆ. ನನ್ನ ಧ್ವನಿ ಒರಟಾಗಿಯೇ ಇತ್ತು. ಅಜ್ಜಿ ಬೇಸರ ಮಾಡಿಕೊಳ್ಳಲಿಲ್ಲ. ಮಳೆ ಬಂದದ್ದು, ಗಟಾರದಲ್ಲಿ ಎಲೆ ತುಂಬಿದ್ದು, ಮೂರನೆಯ ಮನೆಗೆ ಹೊಸ ಬಾಡಿಗೆಯವರು ಬಂದದ್ದು, ತಮ್ಮ ಮೊಣಕಾಲಿನ ಇಂಜೆಕ್ಷನ್ನು, ಎಲ್ಲ ಹೇಳಿದ್ದರು. ಆಮೇಲೆ, “ಮೊಮ್ಮಗಳು ಹುಟ್ಟಿದ ದಿನ ನೀನು ಫೋನು ಮಾಡಿದ ಕೂಡಲೇ ಓಡಿ ಬಂದು ಅದನ್ನೂ ಹೇಳಿದೆ,” ಎಂದರು.

ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. “ಅದನ್ನು ನಾನು ಹೇಳಬೇಕಿತ್ತು,” ಎಂದೆ. “ಅದೊಂದನ್ನಾದರೂ ನನಗೆ ಬಿಡಬೇಕಿತ್ತು ನೀವು. ಅವರಿಗೆ ಹೇಳುವುದಕ್ಕೆ ನನ್ನ ಹತ್ತಿರ ಬೇರೆ ಏನಿದೆ?” ಚಿಕ್ಕ ಹುಡುಗಿಯ ಹಾಗೆ ಬಿಕ್ಕಿದೆ. ಅಜ್ಜಿ ನನ್ನ ಬೆನ್ನು ನೇವರಿಸಿದರು.

“ಹೆಣ್ಣು ಎಂದಷ್ಟೇ ಹೇಳಿದ್ದೇನೆ,” ಎಂದರು ಕೊನೆಗೆ. “ಹೆಸರು ಹೇಳಿಲ್ಲ. ನಿನ್ನೆ ನೀನು ಫೋನಿನಲ್ಲಿ ಹೇಳಿದೆಯಲ್ಲ, ನನ್ನ ನಾಲಿಗೆಗೆ ಅದು ತಿರುಗಲೇ ಇಲ್ಲ. ಸುಮ್ಮನೆ ತಪ್ಪು ಹೇಳಿ ಅವನ ತಲೆ ಯಾಕೆ ಕೆಡಿಸಲಿ? ಅದನ್ನು ನೀನೇ ಹೋಗಿ ಹೇಳು.”

ಒಳಗೆ ಬಂದು ಬಾಗಿಲು ಮುಂದೆ ಮಾಡಿದೆ. ಯಜಮಾನರ ಕುರ್ಚಿಯ ಎದುರಿಗೆ ನಿಂತೆ. ಮಗಳು ತಾನಾಗಿಯೇ ಆರಿಸಿದ ಹೆಸರು ಅದು, ಅವರ ತಾಯಿಯ ಹೆಸರು. ಅದನ್ನು ಗಟ್ಟಿಯಾಗಿ ಹೇಳಿದೆ. ಆಮೇಲೆ ಇನ್ನೊಂದು ಸಲ ಹೇಳಿದೆ, ಬದುಕಿದ್ದಾಗಲೂ ನಾನು ಮೊದಲ ಸಲ ಹೇಳಿದ್ದು ಅವರಿಗೆ ಯಾವತ್ತೂ ಕೇಳಿಸಿದ್ದೇ ಇಲ್ಲ.